ಅಡುಗೆಮನೆಗೆ ಕಪ್ಪು ಪಾಲಿಶ್ ಟೈಲ್ಸ್ ಹಾಕಿಸ್ತಿದ್ದೀರಾ? ಮೊದಲು ನಿಮ್ಮ ಮನೆ ನೀರು ನೋಡಿ

ಬೆಂಗಳೂರಲ್ಲಿ ಬೋರ್ ನೀರಿನ ಮನೆ, ಅಡುಗೆಮನೆ ನೆಲಕ್ಕೆ ಕಪ್ಪು ಪಾಲಿಶ್ ಟೈಲ್ಸ್. ಇವೆರಡೂ ನಿಮ್ಮ ತಲೆಯಲ್ಲಿ ಒಟ್ಟಿಗೆ ಇದ್ರೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನೊಂದು ಸಲ ಓದಿಬಿಡಿ. ನಮ್ಮ ಮನೇಲಿ ಹಾಕಿಸಿ ವರ್ಷ ದಾಟಿದೆ. ಟೈಲ್ ಎದ್ದಿಲ್ಲ, ಬಿರುಕು ಬಿಟ್ಟಿಲ್ಲ, ಬಣ್ಣ ಮಾಸಿಲ್ಲ. ಆದ್ರೆ ಆ ಟೈಲ್ ಚೆನ್ನಾಗಿ ಕಂಡಿದ್ದು ಶೋರೂಮಲ್ಲಿ ಮಾತ್ರ.

ಶೋರೂಮಲ್ಲಿ ಅದು ಎಷ್ಟು ಚೆಂದ ಇತ್ತು ಅಂತ ಹೇಳಲೇಬೇಕು, ಇಲ್ಲದಿದ್ರೆ ಯಾಕೆ ತಗೊಂಡ್ವಿ ಅಂತ ನಿಮಗೆ ಅರ್ಥ ಆಗಲ್ಲ. ಎರಡಡಿಗೆ ನಾಲ್ಕಡಿ, ಕಪ್ಪು, ಅಲ್ಲಲ್ಲಿ ತೆಳ್ಳಗೆ ಬಿಳಿ ಗೆರೆ. ಮೇಲೆ ಸಾಲು ಸಾಲು ಎಲ್ಇಡಿ. ಪಕ್ಕದಲ್ಲಿ ಒಬ್ಬ ಹುಡುಗ ಒಣಬಟ್ಟೆ ಹಿಡ್ಕೊಂಡು ಅದನ್ನೇ ಒರೆಸ್ತಾ ನಿಂತಿದ್ದ. "ಮೇಡಂ, ಇದು ನೀರು ಹೀರಲ್ಲ, ಕಲೆ ಹಿಡಿಯಲ್ಲ, ಮೇಂಟೆನೆನ್ಸೇ ಇಲ್ಲ" ಅಂದ್ರು ಅಂಗಡಿಯವರು. ಮೊದಲ ಎರಡು ಮಾತು ನಿಜ. ಇದು ವಿಟ್ರಿಫೈಡ್ ಟೈಲ್, ಅಂದ್ರೆ ಜೋರು ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಬಿಗಿ ಮಾಡಿದ್ದು. ಅದು ತನ್ನ ತೂಕದ ಶೇಕಡ 0.5ಕ್ಕಿಂತ ಹೆಚ್ಚು ನೀರು ಹೀರಬಾರದು ಅಂತಲೇ ಇದೆ. ಅರಿಶಿನ, ಹುಣಸೆರಸ, ಸಾಂಬಾರು ಏನು ಚೆಲ್ಲಿದ್ರೂ ಒಳಗೆ ಇಳಿಯಲ್ಲ.

ತೊಂದರೆ ಶುರುವಾಗೋದೂ ಅಲ್ಲೇ. ನೀರು ಒಳಗೆ ಇಳಿಯಲ್ಲ ಅಂದ್ಮೇಲೆ ಪೂರ್ತಿ ಮೇಲೇ ನಿಂತು ಆರಬೇಕು. ನೀರು ಆರುತ್ತೆ, ಅದರಲ್ಲಿ ಕರಗಿರೋ ಸುಣ್ಣ ಎಲ್ಲಿಗೆ ಹೋಗ್ಬೇಕು? ನೆಲದ ಮೇಲೇ ಕೂರುತ್ತೆ. ಒಂದು ತೊಟ್ಟು ಬಿದ್ದು ಒಣಗಿದ್ರೆ ಅಂಚಲ್ಲಿ ಬಿಳಿ ಬಳೆ, ಮಾಪ್ ಹೊಡೆದ್ರೆ ಮಾಪ್ ಹೋದ ದಾರಿಯುದ್ದಕ್ಕೂ ಬೂದು ಪಟ್ಟೆ. ನಡುಮನೇಲಿ ತಿಳಿ ಬಣ್ಣದ ಟೈಲ್ಸ್ ಇದೆ, ಅದೇ ನೀರು, ಅದೇ ಮಾಪ್. ಅಲ್ಲೂ ಅಷ್ಟೇ ಸುಣ್ಣ ಕೂತಿರುತ್ತೆ, ಆದ್ರೆ ಬಿಳಿ ಮೇಲೆ ಬಿಳಿ ಯಾರಿಗೆ ಕಾಣುತ್ತೆ? ಮನೆಕೆಲಸಕ್ಕೆ ಬರೋ ಹೆಂಗಸು ಮೊದಲ ವಾರದಲ್ಲೇ ಕೈಚೆಲ್ಲಿ ಹೇಳಿದ್ಲು: "ಅಕ್ಕ, ಎಲ್ಲ ಮನೇಲೂ ನೆಲ ಒರೆಸಿದ್ರೆ ಕ್ಲೀನಾಗುತ್ತೆ, ನಿಮ್ಮನೇಲಿ ಒರೆಸಿದ್ರೆ ಗಲೀಜಾಗುತ್ತೆ."

ನಮ್ಮ ಏರಿಯಾದಲ್ಲಿ ಕಾವೇರಿ ದಿನಾ ಬರಲ್ಲ. ಬಂದಾಗ ಸಂಪ್‌ಗೆ (ನೆಲದಡಿ ತೊಟ್ಟಿಗೆ) ಬಿಡ್ತೀವಿ, ಸಾಲದ್ದಕ್ಕೆ ಬೋರು, ಬೇಸಿಗೇಲಿ ಟ್ಯಾಂಕರು. ಎಲ್ಲಾ ಸೇರಿ ಒಂದೇ ಸಂಪಲ್ಲಿ. ಕುಡಿಯೋ ನೀರಿನ ಮಾನದಂಡ ಐಎಸ್ 10500 ಪ್ರಕಾರ ಗಡಸುತನ, ಅಂದ್ರೆ ನೀರಲ್ಲಿ ಕರಗಿರೋ ಸುಣ್ಣದಂಥ ಲವಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ನಡೆಯುತ್ತೆ. ಅಂದ್ರೆ ಕುಡಿಯೋಕೆ ಪಾಸಾದ ನೀರು ಕೂಡ ಕಪ್ಪು ಟೈಲ್ ಮುಂದೆ ಫೇಲಾಗಬಹುದು. ಗೀಸರ್ ಕಾಯಿಲ್ ಮೇಲೆ, ಬಚ್ಚಲುಮನೆ ನಲ್ಲಿ ಮೇಲೆ ಬಿಳಿ ಪೊರೆ ಕಟ್ಟೋ ಮನೆಯಾದ್ರೆ ಟೆಸ್ಟ್ ಗಿಸ್ಟ್ ಏನೂ ಬೇಡ, ಉತ್ತರ ಅಲ್ಲೇ ಇದೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರಿತ್ತು, ಅದು ಬಹಳ ಮನೆಗಳಲ್ಲಿ ಇರೋದ್ರಿಂದ ಒತ್ತಿ ಹೇಳ್ತೀನಿ. 2024ರ ಬೇಸಿಗೇಲಿ ಬೆಂಗಳೂರಲ್ಲಿ ನೀರಿಗೆ ಬರ ಬಂದಿದ್ದು ನೆನಪಿದೆಯಲ್ಲ? ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಬಿಟ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆಗಿಂದ ನಮ್ಮನೇಲಿ ಆರ್‌ಒ ಫಿಲ್ಟರಿನ ವೇಸ್ಟ್ ನೀರನ್ನ ಬಕೆಟ್ಟಿಗೆ ಹಿಡಿದು ಅದರಲ್ಲೇ ನೆಲ ಒರೆಸೋ ರೂಢಿ. ನೀರು ಉಳಿಸೋದಕ್ಕೆ ಒಳ್ಳೇ ರೂಢಿ, ಈಗಲೂ ಬಿಟ್ಟಿಲ್ಲ. ಆದ್ರೆ ಫಿಲ್ಟರ್ ಕುಡಿಯೋ ನೀರಿಂದ ತೆಗೆದ ಲವಣ ಎಲ್ಲ ಇರೋದು ಆ ವೇಸ್ಟ್ ಪೈಪಲ್ಲೇ. ನಲ್ಲಿ ನೀರಿಗಿಂತ ಅದು ಗಡಸು. ಅದನ್ನ ಕಪ್ಪು ಪಾಲಿಶ್ ಮೇಲೆ ಹಚ್ಚೋದೂ ಒಂದೇ, ಸುಣ್ಣದ ತಿಳಿಯಲ್ಲಿ ಸಾರಿಸೋದೂ ಒಂದೇ. ಈಗ ಆ ಬಕೆಟ್ ಯುಟಿಲಿಟಿಗೆ, ಬಾಲ್ಕನಿಗೆ, ಟಾಯ್ಲೆಟ್ಟಿಗೆ ಮಾತ್ರ.

ಸುಣ್ಣದ ಜೊತೆಗೆ ಎಣ್ಣೆ. ಒಗ್ಗರಣೆ ಹಾಕಿದಾಗ ಏಳೋ ಹೊಗೆಯಲ್ಲಿ ಎಣ್ಣೆಯ ಸಣ್ಣ ಹನಿಗಳಿರುತ್ತೆ, ಚಿಮಣಿ ಎಷ್ಟು ಎಳೆದ್ರೂ ಸ್ವಲ್ಪ ಕೆಳಗಿಳಿಯುತ್ತೆ. ಅದರ ಮೇಲೆ ಬರಿಗಾಲಲ್ಲಿ ಓಡಾಡಿದ್ರೆ ಐದೂ ಬೆರಳು ಎಣಿಸಬಹುದು. ಸಂಜೆ ಬಿಸಿಲು ಯುಟಿಲಿಟಿ ಬಾಗಿಲಿಂದ ಓರೆಯಾಗಿ ಬಿದ್ದಾಗ ಬೆಳಗ್ಗಿಂದ ಯಾರು ಫ್ರಿಜ್ ಹತ್ರ ಎಷ್ಟು ಸಲ ಹೋಗಿದ್ದಾರೆ ಅಂತ ನೆಲವೇ ಹೇಳುತ್ತೆ. (ನಮ್ಮ ಯಜಮಾನ್ರಿಗೆ ಈ ಟೈಲ್ಸ್ ಬಗ್ಗೆ ಇರೋ ಮುಖ್ಯ ತಕರಾರು ಇದೇ.) ಎಣ್ಣೆ ಹೋಗ್ಲಿ ಅಂತ ಸೋಪಿನ ಪುಡಿ ಹಾಕಿದ್ರೆ, ಗಡಸು ನೀರಲ್ಲಿ ಸೋಪು ನೊರೆಯಾಗೋ ಬದಲು ಜಿಡ್ಡಾಗಿ ಇನ್ನೊಂದು ಪದರ ಕೂರುತ್ತೆ. ಫಿನಾಯಿಲ್ ಸ್ವಲ್ಪ ಹೆಚ್ಚಾದ್ರೂ ಮಂಜು ಕವಿದ ಹಾಗೆ ಮಬ್ಬು. "ಟೈಲ್ ಪಾಲಿಶ್" ಅಂತ ಬಾಟ್ಲಿಯಲ್ಲಿ ಮಾರೋದನ್ನ ದಯವಿಟ್ಟು ತರಬೇಡಿ. ಈ ಟೈಲ್ ಅದನ್ನೂ ಹೀರಲ್ಲ, ಮೇಲೆ ಉಳಿಯುತ್ತೆ, ಕಾಲು ಜಾರುತ್ತೆ.

ಜಾರೋ ವಿಷಯಕ್ಕೆ ಬಂದ್ರೆ, ಅತ್ತೆ ಸಿಂಕ್ ಹತ್ರ ಜಾರಿದ್ರು. ಕಟ್ಟೆ ಹಿಡ್ಕೊಂಡಿದ್ದಕ್ಕೆ ಮಣಿಕಟ್ಟು ಉಳುಕೋದ್ರಲ್ಲಿ ಮುಗೀತು. ಬಿದ್ದಿದ್ದು ಅಕ್ಕಿ ತೊಳೆದ ನೀರು, ಒಂದು ಲೋಟವೂ ಇರಲಿಲ್ಲ. ಕಪ್ಪು ಹೊಳಪಿನ ಮೇಲೆ ನೀರು ಬಿದ್ದಿರೋದೇ ಕಾಣಲ್ಲ, ಯಾಕಂದ್ರೆ ಒಣಗಿದ್ದಾಗಲೂ ಒದ್ದೆ ಥರಾನೇ ಮಿಂಚ್ತಾ ಇರುತ್ತೆ. ಜಾರುವಿಕೆಗೆ ಆರ್9ರಿಂದ ಆರ್13ರವರೆಗೆ ರೇಟಿಂಗ್ ಇದೆ, ಸಂಖ್ಯೆ ಹೆಚ್ಚಾದಷ್ಟು ಹಿಡಿತ ಹೆಚ್ಚು. ನೀರು ಬೀಳೋ ಜಾಗಕ್ಕೆ ಆರ್10 ಆದ್ರೂ ಇರಲಿ. ಅಂಗಡಿಯಲ್ಲಿ ಇದನ್ನ ಕೇಳಿ. ನಮಗೆ ಟೈಲ್ ತೋರಿಸಿದವರು ಬಣ್ಣ, ಸೈಜು, ಆಫರ್ ಎಲ್ಲ ಹೇಳಿದ್ರು, ಇದರ ಬಗ್ಗೆ ಉಸಿರೆತ್ತಲಿಲ್ಲ. ಮನೇಲಿ ವಯಸ್ಸಾದವರಿದ್ರೆ ನಾನು ಮೇಲೆ ಬರೆದಿದ್ದೆಲ್ಲ ಮರೆತು ಇದೊಂದನ್ನೇ ನೋಡಿದ್ರೂ ಸಾಕು.

ಈಗ ಆಸಿಡ್ ಕಥೆ. ಟೈಲ್ಸ್ ಹಾಕಿದ ತಂಡ ಸಂದಿಗೆ ಎಪಾಕ್ಸಿ (ಒಣಗಿ ಗಟ್ಟಿಯಾಗೋ ಅಂಟಿನಂಥ ರಾಳ) ತುಂಬಿತ್ತು. ಎಪಾಕ್ಸಿ ಒಳ್ಳೇದೇ, ಅಡುಗೆಮನೆಗೆ ಅದೇ ಸರಿ, ಎಣ್ಣೆ ನೀರು ಎಳೆಯಲ್ಲ. ಆದ್ರೆ ತುಂಬಿದ ಕೂಡಲೇ, ಗಟ್ಟಿಯಾಗೋ ಮುಂಚೆ, ಅಕ್ಕಪಕ್ಕ ಮೆತ್ತಿದ್ದನ್ನ ಒರೆಸಬೇಕು. ಅವರು ಅರ್ಧಂಬರ್ಧ ಒರೆಸಿ ಊಟಕ್ಕೆ ಹೋದ್ರು. ಪ್ರತಿ ಸಂದಿಯ ಎರಡೂ ಕಡೆ ಬೆರಳಗಲ ಮಬ್ಬು ಪಟ್ಟಿ ಉಳೀತು. ಕರೆದು ತೋರಿಸಿದಾಗ ಕಂಟ್ರಾಕ್ಟರ್ ಕಳಿಸಿದ ಹುಡುಗ ಒಂದು ಕ್ಯಾನ್ ಆಸಿಡ್ ತಂದು, ಕಿಟಕಿ ಕೂಡ ತೆಗೀದೆ ಸುರಿದ. ಮನೆಯೆಲ್ಲ ಘಾಟು, ಕಣ್ಣು ಬಿಡೋಕಾಗಲಿಲ್ಲ. ಪಟ್ಟಿ ಹೋಯ್ತಾ? ಇಲ್ಲ, ಒಣಗಿದ ಎಪಾಕ್ಸಿಗೆ ಆ ಆಸಿಡ್ ಲೆಕ್ಕಕ್ಕೇ ಇಲ್ಲ. ಮಾರನೇ ದಿನ ಪಾತ್ರೆ ಡ್ರಾಯರ್ ಎಳೆದ್ರೆ ಸ್ಟೀಲ್ ಬುಟ್ಟಿಯ ತಂತಿಗಳ ಮೇಲೆಲ್ಲ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ. ಹಿಂಜ್‌ಗಳ ಮೇಲೆ, ಸಿಂಕ್ ಅಂಚಲ್ಲಿ, ಹಿಡಿಗಳ ಒಳಮೈಯಲ್ಲಿ, ಎಲ್ಲ ಕಡೆ. ಹೈಡ್ರೋಕ್ಲೋರಿಕ್ ಆಸಿಡ್‌ನ ಹಬೆ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತೆ. ಕಂಟ್ರಾಕ್ಟರ್ "ಅದು ಲೋಕಲ್ ಸ್ಟೀಲ್ ಮೇಡಂ" ಅಂತ ಕೈ ತೊಳ್ಕೊಂಡ.

ಆದ್ದರಿಂದ ಯಾರಾದ್ರೂ "ಆಸಿಡ್ ವಾಶ್ ಮಾಡಿಕೊಡ್ತೀವಿ" ಅಂದ್ರೆ ಅಡುಗೆಮನೆ ಬಾಗಿಲಲ್ಲೇ ನಿಲ್ಲಿಸಿ. ಸಂದಿಯಲ್ಲಿ ಸಿಮೆಂಟ್ ಗ್ರೌಟ್ ಇದ್ರೆ ಆಸಿಡ್ ಅದನ್ನೂ ತಿಂದುಹಾಕುತ್ತೆ, ಕಪ್ಪು ಗ್ರೌಟ್ ಬೂದಿ ಬಣ್ಣಕ್ಕೆ ತಿರುಗುತ್ತೆ. ತುಕ್ಕು ತೆಗೆಯೋ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತೆ, ಅದು ಟೈಲಿನ ಹೊಳಪನ್ನೇ ಕರಗಿಸುತ್ತೆ, ಆಮೇಲೆ ಏನು ಮಾಡಿದ್ರೂ ವಾಪಸ್ ಬರಲ್ಲ. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚ್ ಒಟ್ಟಿಗೆ ಹಾಕೋದಂತೂ ಬೇಡವೇ ಬೇಡ, ಕ್ಲೋರಿನ್ ಅನಿಲ ಏಳುತ್ತೆ.

ಇನ್ನು ಗೀರು, ಏಟು. ಗ್ಯಾಸ್ ಸಿಲಿಂಡರ್ ಎಳೆದ ಕಡೆ ಒಂದು ಬೂದು ಗೆರೆ ಶಾಶ್ವತವಾಗಿದೆ. ಇನ್ನೊಂದು ದಿನ ನೆಲದ ಮೇಲೆ ಕೊಬ್ಬರಿ ಚೂರು ಬಿದ್ದಿದೆ ಅಂತ ಬಗ್ಗಿ ಹೆಕ್ಕೋಕೆ ಹೋದ್ರೆ ಕೈಗೆ ಬರ್ತಾ ಇಲ್ಲ. ಕುಕ್ಕರ್ ಮುಚ್ಚಳ ಬಿದ್ದು ಟೈಲಿನ ಚಕ್ಕೆ ಎದ್ದಿತ್ತು, ಒಳಗಿನ ಬಿಳಿ ಮೈ ಕಾಣ್ತಿತ್ತು. ಪಿಜಿವಿಟಿ (ಪಾಲಿಶ್ಡ್ ಗ್ಲೇಜ್ಡ್ ವಿಟ್ರಿಫೈಡ್ ಟೈಲ್) ಅಂತ ಕರೆಯೋ ಈ ಬಗೆಯಲ್ಲಿ ಕಪ್ಪು ಅನ್ನೋದು ಮೇಲಿನ ಪ್ರಿಂಟು ಮತ್ತು ತೆಳು ಗ್ಲೇಜ್ ಅಷ್ಟೇ. ಡಬಲ್ ಚಾರ್ಜ್ ಅನ್ನೋ ಬಗೆ ಆದ್ರೆ ಬಣ್ಣದ ಪದರ 3-4 ಮಿಲಿಮೀಟರ್ ದಪ್ಪ, ಫುಲ್ ಬಾಡಿ ಆದ್ರೆ ತಳದವರೆಗೂ ಅದೇ ಬಣ್ಣ. ಅಂಗಡಿಯಲ್ಲಿ ಟೈಲನ್ನ ಪಕ್ಕದಿಂದ ನೋಡಿದ್ರೆ ಯಾವುದು ಅಂತ ಗೊತ್ತಾಗುತ್ತೆ.

"ನಮ್ಮಜ್ಜಿ ಮನೇಲೂ ಕಪ್ಪು ನೆಲ ಇತ್ತಲ್ಲ, ಹೇಗೆ ಫಳಫಳ ಅಂತಿತ್ತು" ಅಂತ ಒಬ್ಬರು ಕೇಳಿದ್ರು. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಆಕ್ಸೈಡ್ ಗಾರೆ ನೆಲಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಗಾರೆ ಸ್ವಲ್ಪ ಹೀರುತ್ತೆ, ಎಣ್ಣೆ ಸವರಿ ಉಜ್ಜಿದ್ರೆ ಅದಕ್ಕೆ ಒಳಗಿಂದ ಮೆರುಗು ಬರುತ್ತೆ. ಇದಕ್ಕೆ ಎಣ್ಣೆ ಸವರಿ ನೋಡಿ, ಆಸ್ಪತ್ರೆ ಸೇರ್ತೀರಿ.

ಈಗ ನಡೆಸ್ತಾ ಇರೋ ಕ್ರಮ ಹೇಳ್ತೀನಿ, ಈಗಾಗಲೇ ಹಾಕಿಸಿಕೊಂಡವರಿಗೆ ಉಪಯೋಗ ಆಗ್ಲಿ. ಮೊದಲು ಒಣ ಕಸ ಚೆನ್ನಾಗಿ ಗುಡಿಸಬೇಕು, ಹೊರಗಿನ ಮರಳು ಕಣ ಮಾಪ್ ಅಡಿ ಸಿಕ್ಕಿದ್ರೆ ಅದೇ ಉಜ್ಜುಕಾಗದ. ಆಮೇಲೆ ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡೇ ಹನಿ. ಎರಡನೇ ಬಕೆಟ್ಟಲ್ಲಿ, ಸಂಪ್‌ಗೆ ಬಿಡೋ ಮುಂಚೆಯೇ ಹಿಡಿದಿಟ್ಟ ಕಾವೇರಿ ನೀರು, ಅದರಲ್ಲಿ ಇನ್ನೊಂದು ಸಲ. ಕೊನೆಗೆ ಮೈಕ್ರೋಫೈಬರ್ ಬಟ್ಟೆಯಲ್ಲಿ, ನೀರು ತಾನಾಗಿ ಆರೋ ಮುಂಚೆ, ಪೂರ್ತಿ ಒಣಗಿಸಬೇಕು. ಈ ಕೊನೆಯದು ಬಿಟ್ರೆ ಮಿಕ್ಕಿದ್ದೆಲ್ಲ ವ್ಯರ್ಥ, ಫ್ಯಾನ್ ಹಾಕಿ ಆರಿಸಿದ್ರೆ ಕಲೆ ಗ್ಯಾರಂಟಿ. ಹಳೇ ಸುಣ್ಣದ ಕಲೆಗೆ ಬಿಳಿ ವಿನೆಗರ್ ನೀರು ಬೆರೆಸಿ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು ಒಣಗಿಸಿ. ವಿಟ್ರಿಫೈಡ್ ಟೈಲಿಗೆ ಇದು ನಡೆಯುತ್ತೆ. ಕಡಪ ಕಲ್ಲು, ಮಾರ್ಬಲ್ ಮೇಲೆ ಮಾತ್ರ ಬೇಡ, ಅವು ಸುಣ್ಣದ ಜಾತಿಯ ಕಲ್ಲುಗಳೇ, ಹುಳಿ ತಾಗಿದ ಕಡೆ ಹೊಳಪು ಹೋಗುತ್ತೆ.

ಇನ್ನೂ ತಗೊಂಡಿಲ್ಲ ಅನ್ನೋರು ಅಂಗಡಿಯಿಂದ ಒಂದು ಸ್ಯಾಂಪಲ್ ಟೈಲ್ ಕೇಳಿ ಮನೆಗೆ ತನ್ನಿ. ಅಡುಗೆಮನೆ ಕಿಟಕಿ ಪಕ್ಕ ನೆಲದ ಮೇಲಿಡಿ. ನಿಮ್ಮ ನಲ್ಲಿ ನೀರು ಚಿಮುಕಿಸಿ ಆರೋಕೆ ಬಿಡಿ, ಎಣ್ಣೆ ಕೈಯಲ್ಲಿ ಹೆಬ್ಬೆಟ್ಟು ಒತ್ತಿ, ಒದ್ದೆ ಮಾಡಿ ಬರಿಗಾಲಲ್ಲಿ ಮೆಲ್ಲಗೆ ಉಜ್ಜಿ. ಮೇಲಿಂದ ನೋಡಬೇಡಿ, ಹಗಲು ಬೆಳಕಲ್ಲಿ ಬಗ್ಗಿ ಓರೆಯಾಗಿ ನೋಡಿ. ಸ್ಯಾಂಪಲ್ ಕೊಡಲ್ಲ ಅನ್ನೋ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ, ಊರಲ್ಲಿ ಟೈಲ್ಸ್ ಅಂಗಡಿಗೆ ಬರವಿಲ್ಲ. ಕಪ್ಪೇ ಬೇಕು ಅಂದ್ರೆ ಗ್ರಾನೈಟ್ ಅಂಗಡಿಗಳಿರೋ ಜಿಗಣಿ ಕಡೆ ಹೋಗಿ ಲೆದರ್ ಫಿನಿಶ್ ಗ್ರಾನೈಟ್ ನೋಡಿ, ಉಬ್ಬುತಗ್ಗಿನ ಮೈ ಆದ್ದರಿಂದ ಹೆಜ್ಜೆ ಗುರುತು ಅಷ್ಟು ಎದ್ದು ಕಾಣಲ್ಲ. ಕಪ್ಪು ಮ್ಯಾಟ್ ಟೈಲ್ ಜಾರೋದು ಕಮ್ಮಿ, ಆದ್ರೆ ಅದರಲ್ಲೂ ಸುಣ್ಣ ಕಾಣುತ್ತೆ. ನನ್ನನ್ನ ಕೇಳಿದ್ರೆ ಚುಕ್ಕೆ ಚುಕ್ಕೆ ಇರೋ ನಡುಬೂದು ಮ್ಯಾಟ್. ಫೋಟೋಗೆ ಸಪ್ಪೆ, ಬದುಕೋಕೆ ಸುಖ.

ಅಂಗಡಿಗೆ ವಾಪಸ್ ಕೊಡೋ ಆಸೆ ಇಟ್ಕೋಬೇಡಿ. ಹಾಕಿದ ಮೇಲೆ ದೂರು ತಗೊಳಲ್ಲ ಅಂತ ಬಾಕ್ಸ್ ಮೇಲೇ ಅಚ್ಚಾಗಿತ್ತು. ಶೇಡ್ ವ್ಯತ್ಯಾಸ, ಸೊಟ್ಟ, ಚಕ್ಕೆ ಏನಿದ್ರೂ ಹಾಕೋ ಮುಂಚೆಯೇ ಬಾಕ್ಸ್ ಬಿಚ್ಚಿ ನೋಡ್ಕೊಳ್ಳಿ, ಎಲ್ಲ ಬಾಕ್ಸಿನ ಬ್ಯಾಚ್ ನಂಬರ್ ಒಂದೇನಾ ಅಂತ ನೋಡಿ, ಬಿಲ್ ಜೋಪಾನ ಮಾಡಿ. ಮಾಲೇ ಕೆಟ್ಟದ್ದು ಅನ್ನೋದಾದ್ರೆ ಗ್ರಾಹಕ ಸಹಾಯವಾಣಿ 1915 ಇದೆ. ನಮ್ಮದರಲ್ಲಿ ಮಾಲು ಸರಿಯಾಗೇ ಇತ್ತು, ಹಾಗಾಗಿ ಆ ದಾರಿಯೂ ಇಲ್ಲ.

ಸಿಂಕ್ ಮುಂದೆ ರಬ್ಬರ್ ತಳದ ಮ್ಯಾಟ್ ಹಾಸಿದ್ದೀವಿ. ಉಳಿದ ಬಾಕ್ಸುಗಳು ಮಹಡಿ ಮೆಟ್ಟಿಲ ಕೆಳಗಿವೆ. ರಿಪೇರಿಗೆ ಅಂತ ಒಂದು ಬಾಕ್ಸ್ ಇಟ್ಕೊಂಡು ಮಿಕ್ಕಿದ್ದನ್ನ ಅರ್ಧ ಬೆಲೆಗೆ ಕೊಡ್ತೀವಿ, ಯಾರಿಗಾದ್ರೂ ಬೇಕಿದ್ರೆ ಹೇಳಿ. ಟಿವಿ ಹಿಂದಿನ ಗೋಡೆಗೆ ಚೆನ್ನಾಗಿ ಕಾಣುತ್ತೆ. ನೆಲಕ್ಕೆ ಅಂದ್ರೆ ಕೊಡಲ್ಲ.