ನೈಜೀರಿಯಾವೋ ಬ್ರೆಜಿಲೋ: ಕಿರಿಯರ ಫುಟ್‌ಬಾಲ್‌ನಲ್ಲಿ ಯಾರ ಜಾಡು ಹಿಡಿಯಬೇಕು?

17 ವರ್ಷದೊಳಗಿನವರ ವಿಶ್ವಕಪ್ಪಿನ ಹಳೆಯ ಪಂದ್ಯಗಳನ್ನು ನೋಡಲು ಹೊರಟವರು ಮೊದಲು ಒಂದು ತಂಡವನ್ನು ಆರಿಸಿಕೊಳ್ಳುವುದು ಒಳ್ಳೆಯದು. ನನ್ನ ಮತ ನೈಜೀರಿಯಾಕ್ಕೆ.

ಪ್ರಶಸ್ತಿಗಳ ಲೆಕ್ಕದಲ್ಲಿ ನೈಜೀರಿಯಾ ಐದು (1985, 1993, 2007, 2013, 2015), ಬ್ರೆಜಿಲ್ ನಾಲ್ಕು (1997, 1999, 2003, 2019). 1985ರಲ್ಲಿ ಚೀನಾದಲ್ಲಿ ನಡೆದ ಮೊದಲ ಟೂರ್ನಿಯಲ್ಲೇ ನೈಜೀರಿಯಾದ ಹುಡುಗರು ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 2-0ಯಿಂದ ಮಣಿಸಿದರು. 2015ರಲ್ಲಿ ಚಿಲಿಯಲ್ಲಿ ವಿಕ್ಟರ್ ಒಸಿಮೆನ್ ಒಬ್ಬನೇ 10 ಗೋಲು ಹೊಡೆದ. ಆ ಓಟ, ಆ ಹಸಿವು ನೋಡಿಯೇ ತಿಳಿಯಬೇಕು! ಆದರೆ ಈ ತಂಡವನ್ನು ನೆಚ್ಚಿಕೊಂಡವರಿಗೆ ನಿರಾಸೆಯೂ ಕಟ್ಟಿಟ್ಟ ಬುತ್ತಿ: 2017ರಲ್ಲಿ ಭಾರತಕ್ಕೆ ವಿಶ್ವಕಪ್ ಬಂದಾಗ ಅವರು ಅರ್ಹತೆಯನ್ನೇ ಪಡೆದಿರಲಿಲ್ಲ.

ಬ್ರೆಜಿಲ್ ಅಷ್ಟು ಏರಿಳಿತದ ತಂಡವಲ್ಲ. 1997ರ ತಂಡದಲ್ಲಿ ರೊನಾಲ್ಡಿನೊ ಇದ್ದ ಎಂದರೆ ಸಾಕು. 2019ರ ಕಥೆ ಮಾತ್ರ ವಿಚಿತ್ರ. ದಕ್ಷಿಣ ಅಮೆರಿಕದ ಅರ್ಹತಾ ಟೂರ್ನಿಯಲ್ಲಿ ಎಡವಿದ್ದ ತಂಡಕ್ಕೆ, ಆತಿಥ್ಯ ಪೆರುವಿನ ಕೈತಪ್ಪಿ ಬ್ರೆಜಿಲ್‌ಗೆ ಬಂದದ್ದರಿಂದ ಸ್ಥಾನ ಸಿಕ್ಕಿತು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು 0-2 ಹಿಂದಿದ್ದವರು 3-2ರಿಂದ ಗೆದ್ದರು. ಫೈನಲ್‌ನಲ್ಲೂ ಮೆಕ್ಸಿಕೊಗೆ ಮೊದಲು ಗೋಲು ಬಿಟ್ಟುಕೊಟ್ಟು, ಕೊನೆಗಳಿಗೆಯಲ್ಲಿ 2-1 ಮಾಡಿಕೊಂಡರು.

ಚೆಂಡಿನ ಮೇಲಿನ ಹಿಡಿತ ಕಲಿಯಬೇಕೆನ್ನುವ ಕಿರಿಯ ಆಟಗಾರರು ಬ್ರೆಜಿಲ್‌ನಿಂದಲೇ ಶುರುಮಾಡಲಿ. ಉಳಿದವರು 2015ರ ನೈಜೀರಿಯಾವನ್ನು ಮೊದಲು ನೋಡಿ, ಆಮೇಲೆ 2013ಕ್ಕೆ ಹಿಂದಿರುಗಿ.