ಆ ವಿಡಿಯೋದಲ್ಲಿ ಇರುವ ತಾಯಿ ನಾನೇ, ದಯವಿಟ್ಟು ಅದನ್ನು ನಂಬಬೇಡಿ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಇರುವ ಕನ್ನಡದವರೆಲ್ಲ ಇದನ್ನು ಓದಿ. ಮನೆಯಲ್ಲಿ ಉಗ್ಗುವ ಮಗು ಇದ್ದರೆ ಪೂರ್ತಿ ಓದಿ.

"15 ದಿನದಲ್ಲಿ ಉಗ್ಗು ಮಾಯ, ಗ್ಯಾರಂಟಿ" ಅಂತ ಒಂದು ಸೆಂಟರ್‌ನ ವಿಡಿಯೋ ಓಡಾಡುತ್ತಿದೆ. ಅದರಲ್ಲಿ ಏಳು ವರ್ಷದ ಹುಡುಗ ಎಲ್ಲೂ ತಡವರಿಸದೆ ಹಿಂದಿಯಲ್ಲಿ ಮಾತಾಡುತ್ತಾನೆ. ಪಕ್ಕದಲ್ಲಿ ಹಸಿರು ಚೂಡಿದಾರ್ ಹಾಕಿದ ಹೆಂಗಸು ಕಣ್ಣು ಒರೆಸಿಕೊಂಡು "ಸರ್ ನಮಗೆ ದೇವರ ಹಾಗೆ" ಅನ್ನುತ್ತಾಳೆ. ಆ ಹುಡುಗ ನನ್ನ ಮಗ. ಆ ಹೆಂಗಸು ನಾನು.

ನನ್ನ ಮಗ ಈಗಲೂ ಉಗ್ಗುತ್ತಾನೆ. ವಿಡಿಯೋ ತೆಗೆದ ಮೂರನೇ ದಿನವೇ ಉಗ್ಗು ವಾಪಸ್ ಬಂತು, ಮೊದಲಿಗಿಂತ ಜಾಸ್ತಿ. ನಮ್ಮ ಕೈಯಿಂದ ಹೋದದ್ದು 53,600 ರೂಪಾಯಿ. ದೂರು ಕೊಟ್ಟಿರುವುದರಿಂದ ಹೆಸರು ಬರೆಯುತ್ತಿಲ್ಲ. ಆದರೆ ಅವರು ಹೇಗೆ ಮಾಡುತ್ತಾರೆ ಅಂತ ಬರೆಯುತ್ತೇನೆ, ಓದಿದರೆ ನೀವೇ ಗುರುತು ಹಿಡಿಯುತ್ತೀರಿ.

ನಮ್ಮದು ಡೊಂಬಿವಲಿ. ಊರು ಕುಂದಾಪುರದ ಹತ್ತಿರ. ಮಗನಿಗೆ ಮೂರೂವರೆ ವರ್ಷಕ್ಕೆ ಉಗ್ಗು ಶುರುವಾಯಿತು. ದೊಡ್ಡವನಾಗ್ತಾ ತಾನೇ ಹೋಗುತ್ತದೆ ಅಂತ ಎಲ್ಲರೂ ಹೇಳಿದರು. ಅತ್ತೆ ಊರಿಂದ ಬಜೆ ಕಳಿಸಿದರು, ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದೆವು. ಹೋಗಲಿಲ್ಲ. ಎರಡನೇ ಕ್ಲಾಸಿನಲ್ಲಿ ಒಂದು ದಿನ ಹಾಜರಿ ಕೂಗುವಾಗ "ಪ್ರೆಸೆಂಟ್" ಅನ್ನಲು ಆಗದೆ ಕೈ ಎತ್ತಿದ್ದಾನೆ. ಬಾಯಲ್ಲಿ ಹೇಳು ಅಂದರಂತೆ. "ಪ್ರ... ಪ್ರ..." ಅಂತ ನಿಂತೇ ಇದ್ದನಂತೆ. ಮನೆಗೆ ಬಂದು ಕೇಳಿದ್ದು ಒಂದೇ ಮಾತು, "ಅಮ್ಮ, ನಾಳೆಯಿಂದ ನಾನು ಆಬ್ಸೆಂಟ್ ಆಗ್ಲಾ?" ಅದೇ ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಬೇರೆ ಯಾರದೋ ಮಗುವಿನ ವಿಡಿಯೋ ಸಿಕ್ಕಿತು. ಅದರಲ್ಲೂ ಒಬ್ಬ ತಾಯಿ ಅಳುತ್ತಿದ್ದಳು. ನಂಬಿದೆ.

ಈಗ ಮೊದಲ ದಿನದ ವಿಷಯ. ಇದನ್ನು ಗಮನ ಇಟ್ಟು ಓದಿ, ನಾವು ಮೋಸ ಹೋದದ್ದು ಇಲ್ಲೇ.

ಸ್ಟೇಷನ್ ಹತ್ತಿರ, ಎರಡನೇ ಮಹಡಿ. ಗೋಡೆ ತುಂಬಾ ಸರ್ಟಿಫಿಕೇಟ್ ಹಿಡಿದ ಮಕ್ಕಳ ಫೋಟೋ. ಸೆಂಟರ್ ನಡೆಸುವವರನ್ನು ಅಲ್ಲಿದ್ದವರೆಲ್ಲ "ಡಾಕ್ಟರ್ ಸರ್" ಅನ್ನುತ್ತಿದ್ದರು, ನಾವೂ ಅಂದೆವು. ಸರ್ ಮಗನ ಹೆಸರು ಕೇಳಿದರು. ಅವನ ಹೆಸರೂ "ಪ್ರ"ದಿಂದಲೇ ಶುರು. ಆಗಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿದ, ಕುತ್ತಿಗೆ ಬಿಗಿಯಾಯಿತು, ತುಟಿ ಅಂಟಿಕೊಂಡೇ ಇತ್ತು. ಸರ್ ನಕ್ಕು ಮೊಬೈಲ್ ಟೇಬಲ್ ಮೇಲಿಟ್ಟರು. ಅದರಿಂದ ಟಿಕ್, ಟಿಕ್, ಟಿಕ್ ಅಂತ ಸದ್ದು. "ಒಂದು ಟಿಕ್‌ಗೆ ಒಂದು ಅಕ್ಷರ, ನನ್ನ ಜೊತೆ ಹೇಳು" ಅಂದರು. ಮೊದಲು ಇಬ್ಬರೂ ಒಟ್ಟಿಗೆ ಓದಿದರು. ಸರ್ ಮೆಲ್ಲಗೆ ದನಿ ಇಳಿಸುತ್ತಾ ಹೋಗಿ ನಿಲ್ಲಿಸಿಬಿಟ್ಟರು. ಮಗ ಒಬ್ಬನೇ ಓದುತ್ತಿದ್ದ. ಒಂದು ಇಡೀ ಪುಟ. ಎಲ್ಲೂ ನಿಲ್ಲಲಿಲ್ಲ. ನಮ್ಮವರು ನನ್ನ ಕೈ ಹಿಡಿದುಕೊಂಡರು. ಮಗನ ಮಾತು ಹೀಗೆ ಹರಿಯುವುದನ್ನು ಮೂರು ವರ್ಷದಿಂದ ನಾನು ಕೇಳಿರಲಿಲ್ಲ.

"ಹತ್ತು ನಿಮಿಷಕ್ಕೇ ಇಷ್ಟು. 15 ದಿನ ಕೊಟ್ಟರೆ?" ಅಂದರು. ರಿಜಿಸ್ಟ್ರೇಶನ್ 2,000, ಕೋರ್ಸಿಗೆ 48,000. ಇವತ್ತೇ ಕಟ್ಟಿದರೆ ಮಾತ್ರ ಈ ರೇಟು, ನಾಳೆಯಿಂದ 60 ಸಾವಿರ. ನಮ್ಮವರು ಅಲ್ಲೇ ಕೂತು ಫೋನಿನಲ್ಲೇ ಕಳಿಸಿದರು. ರಸೀದಿಯಲ್ಲಿ "ಪರ್ಸನಾಲಿಟಿ ಡೆವಲಪ್‌ಮೆಂಟ್" ಅಂತ ಬರೆದಿತ್ತು. ಉಗ್ಗಿನ ಹೆಸರೇ ಇಲ್ಲ. ಆಗ ನಾನು ಅದನ್ನು ಓದಲೂ ಇಲ್ಲ.

ಆ ಟಿಕ್ ಟಿಕ್ ಏನು ಅಂತ ಈಗ ಗೊತ್ತಾಗಿದೆ. ತಾಳಕ್ಕೆ ಸರಿಯಾಗಿ ಮಾತಾಡಿದರೆ, ಇನ್ನೊಬ್ಬರ ಜೊತೆ ದನಿ ಸೇರಿಸಿ ಓದಿದರೆ, ಹಾಡಿದರೆ, ಉಗ್ಗುವವರಲ್ಲಿ ಹೆಚ್ಚಿನವರಿಗೆ ಆ ಹೊತ್ತಿಗೆ ಉಗ್ಗು ಬರುವುದೇ ಇಲ್ಲ. ಸ್ಪೀಚ್ ಥೆರಪಿಸ್ಟ್‌ಗಳಿಗೆಲ್ಲ ಇದು ಹಳೇ ವಿಷಯ. ತಾಳ ನಿಂತು ಮಾಮೂಲಿ ಮಾತು ಶುರುವಾದರೆ ಉಗ್ಗೂ ಶುರು. ನನ್ನ ಮಗ ಸಂಜೆ ಭಜನೆ ಹೇಳುವಾಗ ಒಂದು ದಿನವೂ ತಡವರಿಸಿದವನಲ್ಲ. ದಿನಾ ಕಣ್ಣೆದುರೇ ಇತ್ತು. ನನಗೆ ಹೊಳೆಯಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ದಿನ ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. "ಅದೇ ಕಾರಣ" ಅಂದರು. ಸ್ಕೂಲಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ಮರಾಠಿ, ಹಿಂದಿ, ಮನೆಯಲ್ಲಿ ಕನ್ನಡ, ಮಗುವಿನ ಮೆದುಳು ಜಾಮ್ ಆಗಿದೆ, ಕನ್ನಡ ನಿಲ್ಲಿಸಿ ಅಂದರು. ನಿಲ್ಲಿಸಿದೆವು. ನಮ್ಮ ಮನೆಯಲ್ಲಿ, ನಮ್ಮ ಮಗನ ಜೊತೆ, ಕನ್ನಡ ನಿಲ್ಲಿಸಿದೆವು. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ದಿನಾ ರಾತ್ರಿ ಎಂಟಕ್ಕೆ ಮೊಮ್ಮಗನಿಗೆ ಫೋನ್ ಮಾಡುವವರು. ಐದು ದಿನ ಅವನ ಕೈಗೆ ಫೋನ್ ಕೊಡಲಿಲ್ಲ. ಆರನೇ ದಿನ "ಮಾಣಿಗೆ ನನ್ ಮೇಲೆ ಸಿಟ್ಟಾ?" ಅಂತ ಕೇಳಿದರು. ಮಲಗಿದ್ದಾನೆ ಅಂತ ಸುಳ್ಳು ಹೇಳಿದೆ. ಅವನು ಅಲ್ಲೇ ಸೋಫಾ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದ.

ಎಂಟನೇ ದಿನ ಪುಡಿ ಬಂತು. "ನಾಲಿಗೆಯ ನರಕ್ಕೆ" ಅಂತೆ. ಡಬ್ಬಿಗೆ 1,200, ಮೂರು ಡಬ್ಬಿ. ಮುಚ್ಚಳ ತೆಗೆದರೆ ಅದೇ ಬಜೆಯ ಘಾಟು. ಅತ್ತೆ ಕಾಗದದಲ್ಲಿ ಸುತ್ತಿ ಸುಮ್ನೆ ಕಳಿಸಿದ್ದನ್ನೇ ನಾನು 3,600 ಕೊಟ್ಟು ತಂದೆ.

ಕೊನೇ ದಿನ ವಿಡಿಯೋ. ಒಂದು ಫಾರ್ಮ್‌ಗೆ ಸಹಿ ಹಾಕಿಸಿಕೊಂಡರು. ಮಗ ನಾಲ್ಕು ಸಾಲು ಹೇಳಿದ. ನಾನು ಅತ್ತುಬಿಟ್ಟೆ. ಸುಳ್ಳು ಅಳು ಅಲ್ಲ ಅದು, ನಿಜವಾಗಿ ಖುಷಿಯಾಗಿತ್ತು. ಅದಕ್ಕೇ ಜಾಸ್ತಿ ನಾಚಿಕೆ.

ದೀಪಾವಳಿ ರಜೆ ಮುಗಿದು ಸ್ಕೂಲ್ ಶುರುವಾಯಿತು. ಹಾಜರಿ ಬಂತು. ಮಗ ಬೆಂಚಿನ ಮೇಲೆ ಬೆರಳಿನಿಂದ ಬಡಿಯುತ್ತಾ "ಪ್ರೆ, ಸೆಂ, ಟ್" ಅಂದನಂತೆ. ಪಕ್ಕದವರು "ರೋಬೋಟ್" ಅಂದರು. ಮಧ್ಯಾಹ್ನದ ಹೊತ್ತಿಗೆ ಬೆರಳು ಬಡಿದರೂ ಮಾತು ಬರಲಿಲ್ಲ. ಮನೆಗೆ ಬಂದವನು ಆ ರಾತ್ರಿ ಊಟಕ್ಕೂ ಬಾಯಿ ಬಿಡಲಿಲ್ಲ.

ಈಗ ಅವರ ಉತ್ತರಗಳು. ಫೋನ್ ಎತ್ತಲಿಲ್ಲ, ವಾಟ್ಸಾಪ್ ಮಾತ್ರ. ಮೊದಲು, "ನೀವು ಮನೆಯಲ್ಲಿ ಪ್ರ್ಯಾಕ್ಟೀಸ್ ಮಾಡಿಸಿಲ್ಲ." ಮಾಡಿಸಿದ್ದೇವೆ, ದಿನಕ್ಕೆ ಎರಡು ಗಂಟೆ ಅಂದೆ. "ಹಾಗಾದರೆ ಕನ್ನಡ ಮಾತಾಡಿರುತ್ತೀರಿ." ಇಲ್ಲ ಅಂದೆ. "ಮಗುವಿಗೆ ಮನಸ್ಸಿಲ್ಲ." ಏಳು ವರ್ಷದ ಮಗುವಿಗೆ ಮನಸ್ಸಿಲ್ಲವಂತೆ! ಆಮೇಲೆ, "ಅಡ್ವಾನ್ಸ್ ಕೋರ್ಸ್ ಇದೆ, ನಿಮಗೆ ಡಿಸ್ಕೌಂಟ್, 30 ಸಾವಿರ." ದುಡ್ಡು ವಾಪಸ್ ಕೊಡಿ ಅಂದದ್ದಕ್ಕೆ ರಸೀದಿಯ ಫೋಟೋ ಕಳಿಸಿದರು. "ನೋಡಿ, ನೀವು ಸೇರಿಸಿದ್ದು ಪರ್ಸನಾಲಿಟಿ ಡೆವಲಪ್‌ಮೆಂಟ್‌ಗೆ. ಉಗ್ಗು ವಾಸಿ ಮಾಡುತ್ತೇವೆ ಅಂತ ಎಲ್ಲಿ ಬರೆದಿದೆ?" ನಿಮ್ಮ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಹೇಳಿ ಅಂದೆ. "ನಮ್ಮದು ಬೇರೆ ಟೆಕ್ನಿಕ್, ಅದಕ್ಕೆ ನಂಬರ್ ಬೇಕಾಗಿಲ್ಲ."

ಆ ನಂಬರ್ ಬಗ್ಗೆ ನನಗೆ ಹೇಳಿದ್ದು ಬಾಂದ್ರಾದಲ್ಲಿ. ರೆಕ್ಲಮೇಶನ್ ಹತ್ತಿರ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು, 1983ರಿಂದ ಇದೆ. ದಾದರ್‌ನಲ್ಲಿ ಗಾಡಿ ಬದಲಿಸಿ ಹೋಗಬೇಕು, ಅಷ್ಟೇ. ಇಷ್ಟು ವರ್ಷ ಮುಂಬೈಯಲ್ಲಿದ್ದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿನ ಥೆರಪಿಸ್ಟ್ ಮೊದಲು ಹೇಳಿದ್ದೇ, "ಅಮ್ಮಾ, ಇದು ನೀವು ಮಾಡಿದ ತಪ್ಪಿನಿಂದ ಬಂದದ್ದಲ್ಲ." ಹೆಚ್ಚಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದಂತೆ, ಹುಡುಗರಲ್ಲಿ ಜಾಸ್ತಿ, ವಂಶದಲ್ಲೂ ಇರುತ್ತದಂತೆ. ನಮ್ಮವರ ಚಿಕ್ಕಪ್ಪ ಉಗ್ಗುತ್ತಿದ್ದರು. ಶುರುವಾದ ಮಕ್ಕಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ, ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಉಳಿದಿರುತ್ತದೆ. ಆ ಗೋಡೆಯ ಫೋಟೋದಲ್ಲಿದ್ದ ಮಕ್ಕಳಲ್ಲಿ ಎಷ್ಟು ಜನ ತಾನಾಗಿ ಸರಿಹೋದವರೋ! ಎರಡು ಮೂರು ಭಾಷೆಯಿಂದ ಉಗ್ಗು ಬರುವುದಿಲ್ಲ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಕನ್ನಡ ನಿಲ್ಲಿಸಿದ್ದೆವು ಅಂದಾಗ ಅವರು ಪೆನ್ನು ಕೆಳಗಿಟ್ಟು ಸುಮ್ಮನೆ ನನ್ನನ್ನು ನೋಡಿದರು.

ಅದಕ್ಕೇ ಹೇಳುತ್ತೇನೆ. ದುಡ್ಡು ಕೊಡುವ ಮೊದಲು ಆರ್‌ಸಿಐ ನೋಂದಣಿ ಕೇಳಿ. 1992ರ ಕಾಯ್ದೆಯ ಪ್ರಕಾರ ಸ್ಪೀಚ್ ಥೆರಪಿಸ್ಟ್‌ಗಳಿಗೆ ಅದು ಇರಬೇಕು. ಗ್ಯಾರಂಟಿ ಅಂದರೆ ಎದ್ದು ಬನ್ನಿ. ಪುಡಿ, ಮಾತ್ರೆ ಅಂದರೆ ಓಡಿ ಬನ್ನಿ. ಔಷಧದಿಂದ ವಾಸಿ ಮಾಡುತ್ತೇವೆ ಅಂತ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯೇ ಸರ್ಕಾರದ ಔಷಧ ನಿಯಮಗಳಲ್ಲಿದೆ, ಜೆ ಪರಿಶಿಷ್ಟ ಅಂತ. ಅದರಲ್ಲಿ ಉಗ್ಗೂ ಇದೆ. ಊರಿಗೆ ಹೋಗುವವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, 1965ರದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಉಗ್ಗುವವರೇ ಸೇರಿ ನಡೆಸುವ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಅಂತಲೂ ಇದೆ. ಮೋಸ ಹೋಗಿದ್ದರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಫೀ ಇಲ್ಲ. ರಸೀದಿ, ವಾಟ್ಸಾಪ್ ಯಾವುದನ್ನೂ ಅಳಿಸಬೇಡಿ.

ನಾವು ದೂರು ಕೊಟ್ಟ ಮೇಲೆ ಅವರಿಂದ ಬಂದ ಕೊನೇ ಮೆಸೇಜ್, "ಕಂಪ್ಲೇಂಟ್ ವಾಪಸ್ ತಗೊಂಡರೆ ವಿಡಿಯೋ ತೆಗೀತೀವಿ." ತಗೊಳ್ಳುವುದಿಲ್ಲ.

ಮಗ ಈಗ ಅಜ್ಜಿ ಜೊತೆ ದಿನಾ ಮಾತಾಡುತ್ತಾನೆ, ಉಗ್ಗುತ್ತಲೇ. ಅತ್ತೆ ಕಾಯುತ್ತಾರೆ. ನಿನ್ನೆ ಕರು ಹಾಕಿದ ವಿಷಯ ಕೇಳಿ ಕೇಳಿ ಇಪ್ಪತ್ತು ನಿಮಿಷ ಫೋನ್ ಬಿಡಲಿಲ್ಲ.

ವಿಡಿಯೋ ಇನ್ನೂ ಇದೆ. ಟಿಕ್ ಟಿಕ್ ಕೇಳಬಾರದು ಅಂತ ಮೇಲೆ ಮ್ಯೂಸಿಕ್ ಹಾಕಿದ್ದಾರೆ. ನಿಮ್ಮ ಕಣ್ಣಿಗೆ ಬಿದ್ದರೆ ಅವನ ಮುಖ ನೋಡಬೇಡಿ, ಬಲಗೈ ನೋಡಿ. ತೊಡೆಯ ಮೇಲೆ ಹೆಬ್ಬೆರಳು ಬಡಿಯುತ್ತಿರುತ್ತದೆ, ಅಕ್ಷರಕ್ಕೆ ಒಂದು ಸಲ.