ಸೈಕಲ್ ಪಥಕ್ಕೆ ಅಡ್ಡ ನಿಂತ ವಾಹನವನ್ನು ದಾಟುವ ಮುನ್ನ

ದಿನವೂ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗಿಬರುವವರು, ಅದರಲ್ಲೂ ರಸ್ತೆಯ ಮೇಲೆ ಬಣ್ಣದಿಂದ ಗುರುತಿಸಿದ ಸೈಕಲ್ ಪಥವನ್ನು ನಂಬಿ ಹೊಸದಾಗಿ ಸವಾರಿ ಆರಂಭಿಸಿದವರು, ಇದನ್ನು ದಯವಿಟ್ಟು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ಪಥದಲ್ಲಿ ನಿಂತಿದ್ದ ವ್ಯಾನ್ ಒಂದನ್ನು ಬಳಸಿಕೊಂಡು ಮುಂದೆ ಹೋಗುವಾಗ ನಾನು ಬಿದ್ದು ಕಾಲರ್ ಮೂಳೆ ಮುರಿದುಕೊಂಡೆ. ಭುಜ ನೆಲಕ್ಕೆ ಬಡಿಯುವಂತೆ ಬೀಳುವ ಸವಾರರಿಗೆ ಇದು ತೀರ ಸಾಮಾನ್ಯವಾದ ಪೆಟ್ಟು ಎಂದು ವೈದ್ಯರು ಹೇಳಿದರು. ಆದರೆ ಈ ಪೆಟ್ಟಿಗೆ ಕಾರಣವಾದ ನಡವಳಿಕೆಯನ್ನೂ ಸಾಮಾನ್ಯವೆಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ.

ನಡೆದದ್ದು ಇಷ್ಟು. ಬೆಳಗಿನ ಹೊತ್ತು, ರಸ್ತೆ ಒಣಗಿತ್ತು, ಬೆಳಕು ಚೆನ್ನಾಗಿತ್ತು. ಮನೆಬಾಗಿಲಿಗೆ ಸಾಮಾನು ತಲುಪಿಸುವ ವ್ಯಾನ್ ಒಂದು ನಾಲ್ಕೂ ದೀಪಗಳನ್ನು ಮಿಟುಕಿಸುತ್ತ ಸೈಕಲ್ ಪಥದ ಪೂರ್ತಿ ಅಗಲವನ್ನು ಆಕ್ರಮಿಸಿ ನಿಂತಿತ್ತು. ನಾನು ದೂರದಿಂದಲೇ ವೇಗ ತಗ್ಗಿಸಿ, ಹಿಂದಕ್ಕೆ ಹೊರಳಿ ನೋಡಿ, ಕೈ ಚಾಚಿ ಸೂಚನೆ ಕೊಟ್ಟು, ವಾಹನಗಳ ಸಾಲಿಗೆ ಸರಿದೆ. ಹಿಂದೆ ಸಾಕಷ್ಟು ದೂರದಲ್ಲಿದ್ದ ಕಾರಿನ ಚಾಲಕ ವೇಗ ಕಡಿಮೆ ಮಾಡುವ ಬದಲು ಹೆಚ್ಚಿಸಿ, ಹಾರ್ನ್ ಒತ್ತಿ ಹಿಡಿದು, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಿಂದ ನುಗ್ಗಿದ. ಅವನಿಂದ ತಪ್ಪಿಸಿಕೊಳ್ಳಲು ವ್ಯಾನಿನ ಕಡೆಗೆ ಸರಿಯದೆ ಬೇರೆ ದಾರಿಯಿರಲಿಲ್ಲ. ಅದೇ ಕ್ಷಣದಲ್ಲಿ ವ್ಯಾನಿನೊಳಗೆ ಕುಳಿತಿದ್ದವನು ಕನ್ನಡಿಯನ್ನು ನೋಡದೆ ಬಾಗಿಲು ತೆರೆದ.

ಬಾಗಿಲಿನ ಅಂಚು ಹ್ಯಾಂಡಲಿನ ತುದಿಗೆ ಬಡಿದಾಗ ಏನಾಗುತ್ತದೆ ಎಂಬುದು ಪ್ರತಿಯೊಬ್ಬ ಸವಾರರಿಗೂ ತಿಳಿದಿರಬೇಕು. ಮುಂದಿನ ಚಕ್ರ ಬಾಗಿಲಿನ ಕಡೆಗೆ ಥಟ್ಟನೆ ತಿರುಗುತ್ತದೆ. ದೇಹ ಮಾತ್ರ ಅದಕ್ಕೆ ವಿರುದ್ಧ ದಿಕ್ಕಿಗೆ, ಅಂದರೆ ವಾಹನಗಳು ಓಡುತ್ತಿರುವ ಕಡೆಗೆ, ಹೋಗಿ ಬೀಳುತ್ತದೆ. ಇಂತಹ ಅಪಘಾತಗಳಲ್ಲಿ ಜೀವ ಹೋಗುವುದು ಎಷ್ಟೋ ಸಲ ಬಾಗಿಲಿನ ಪೆಟ್ಟಿನಿಂದಲ್ಲ, ಹಿಂದಿನಿಂದ ಬರುವ ಎರಡನೆಯ ವಾಹನದಿಂದ. ನಾನು ಬಿದ್ದಾಗ ನನ್ನ ಹಿಂದಿದ್ದ ಬಸ್ಸು ನಿಧಾನವಾಗಿ ಬರುತ್ತಿತ್ತು, ಅದರ ಚಾಲಕ ಎಚ್ಚರದಿಂದಿದ್ದ ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯಲು ಸಾಧ್ಯವಾಗಿದೆ. ಕ್ಷಣದಲ್ಲಿ ಬ್ರೇಕ್ ಹಿಡಿದು ಬಚಾವಾಗಬಹುದು ಎಂಬ ಧೈರ್ಯವೂ ಬೇಡ. ಗಂಟೆಗೆ 20 ಕಿ.ಮೀ. ವೇಗದಲ್ಲಿರುವ ಸೈಕಲ್ ಒಂದು ಸೆಕೆಂಡಿಗೆ ಸುಮಾರು 5.5 ಮೀಟರ್ ಸಾಗುತ್ತದೆ, ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಎರಡು ಮೀಟರ್ ಮುಂದೆ ಬಾಗಿಲು ತೆರೆದುಕೊಂಡರೆ ಬ್ರೇಕಿಗೆ ಬೆರಳು ತಲುಪುವ ಮೊದಲೇ ಎಲ್ಲವೂ ಮುಗಿದಿರುತ್ತದೆ.

ನೆಲದ ಮೇಲೆ ಬಿದ್ದಿದ್ದ ನನಗೆ ವ್ಯಾನಿನ ಚಾಲಕ ಹೇಳಿದ ಮೊದಲ ಮಾತು, "ಎರಡೇ ನಿಮಿಷಕ್ಕೆ ನಿಲ್ಲಿಸಿದ್ದೆ" ಎಂಬುದು. ಈ ಎರಡು ನಿಮಿಷದ ವಾದವನ್ನು ನಗರದ ಸವಾರರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಇರುತ್ತಾರೆ. ನಿಲ್ಲಿಸಿದವನಿಗೆ ಅದು ಎರಡು ನಿಮಿಷವಾದರೂ, ಒಬ್ಬನಾದ ಮೇಲೆ ಮತ್ತೊಬ್ಬ ಬಂದು ಅಲ್ಲೇ ನಿಲ್ಲಿಸುವುದರಿಂದ ಪಥ ದಿನವಿಡೀ ಮುಚ್ಚಿಯೇ ಇರುತ್ತದೆ. ಜರ್ಮನಿಯಲ್ಲಿ ತುಂಡುಗೆರೆ ಎಳೆದು ಗುರುತಿಸಿದ ಸೈಕಲ್ ಪಟ್ಟಿಗಳ ಮೇಲೆ ವಾಹನ ನಿಲ್ಲಿಸಿ ಹೋಗುವುದು ನಿಷಿದ್ಧವಾಗಿದ್ದರೂ ಮೂರು ನಿಮಿಷದವರೆಗಿನ ನಿಲುಗಡೆಗೆ ಅವಕಾಶವಿತ್ತು. 2020ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಅಲ್ಪ ಹೊತ್ತಿನ ನಿಲುಗಡೆಯೂ ಸವಾರರನ್ನು ಓಡುವ ವಾಹನಗಳ ನಡುವೆ ತಳ್ಳುತ್ತದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಬಾಗಿಲಿನ ವಿಷಯದಲ್ಲಂತೂ ಗೊಂದಲಕ್ಕೆ ಎಡೆಯೇ ಇಲ್ಲ. ಇತರರಿಗೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳದೆ ವಾಹನದ ಬಾಗಿಲು ತೆರೆಯಬಾರದು ಎಂದು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ಬಾಗಿಲಿಗೆ ದೂರವಿರುವ ಕೈಯಿಂದ ಅದನ್ನು ತೆರೆದರೆ ಮೈ ತಾನಾಗಿಯೇ ತಿರುಗಿ, ಹಿಂದೆ ಬರುತ್ತಿರುವವರು ಕಣ್ಣಿಗೆ ಬೀಳುತ್ತಾರೆ. ಬ್ರಿಟನ್ನಿನ ರಸ್ತೆ ನಿಯಮಾವಳಿ 2022ರ ಜನವರಿಯಿಂದ ಈ ಕ್ರಮವನ್ನೇ ಸೂಚಿಸುತ್ತಿದೆ. ಕಾರಿನಲ್ಲಿ ಓಡಾಡುವ ನಿಮ್ಮ ಮನೆಯವರಿಗೆ, ಸ್ನೇಹಿತರಿಗೆ ಇದನ್ನೊಮ್ಮೆ ಮಾಡಿ ತೋರಿಸಿ.

ಮಿಟುಕುವ ದೀಪಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅವನ್ನು ಹಾಕಿಬಿಟ್ಟರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ಹಲವು ಚಾಲಕರು ನಂಬಿದಂತಿದೆ. ನಿಜದಲ್ಲಿ ಅವು ಸವಾರರ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ, ಏಕೆಂದರೆ ನಾಲ್ಕೂ ದೀಪಗಳು ಒಟ್ಟಿಗೆ ಮಿಟುಕುತ್ತಿರುವಾಗ ವಾಹನ ಹೊರಡಲಿದೆಯೇ, ಹೊರಟರೆ ಯಾವ ಕಡೆಗೆ ತಿರುಗಲಿದೆ ಎಂಬುದು ಹಿಂದಿನವರಿಗೆ ಗೊತ್ತಾಗುವುದೇ ಇಲ್ಲ. ದೀಪವನ್ನು ಬಿಟ್ಟು ಮುಂದಿನ ಚಕ್ರ ಯಾವ ಕಡೆಗೆ ತಿರುಗಿದೆ, ಬ್ರೇಕಿನ ದೀಪ ಆರಿತೇ, ಪಕ್ಕದ ಕನ್ನಡಿಯಲ್ಲಿ ಯಾರದಾದರೂ ಮುಖ ಕಾಣುತ್ತಿದೆಯೇ ಎಂಬುದನ್ನು ನೋಡಿ. ಮುಖ ಕಂಡರೆ ಬಾಗಿಲು ತೆರೆಯಬಹುದು ಎಂದೇ ತಿಳಿಯಿರಿ.

ಇಂತಹ ವಾಹನ ಎದುರಾದಾಗ ವೇಗವನ್ನು ಉಳಿಸಿಕೊಳ್ಳುವ ಆಸೆಯನ್ನು ಮೊದಲು ಬಿಡಬೇಕು. ಅದರ ಬೆನ್ನಿಗೆ ಅಂಟಿಕೊಳ್ಳದೆ, ಹಿಂದಿನ ಚಾಲಕರಿಗೆ ನೀವು ಕಾಣುವಷ್ಟು ಅಂತರದಲ್ಲಿ ನಿಧಾನಿಸಿ ಅಥವಾ ಪೂರ್ತಿಯಾಗಿ ನಿಲ್ಲಿ. ಕೈಸೂಚನೆ ಕೊಟ್ಟರೆ ಸಾಲದು. ಹಿಂದಿನ ವಾಹನ ನಿಜವಾಗಿಯೂ ನಿಧಾನಿಸಿದ್ದನ್ನು ಕಂಡ ಮೇಲೆಯೇ ಹೊರಗೆ ಸರಿಯಿರಿ. ಸರಿದ ಮೇಲೆ ಅಂಜಿಕೆಯಿಂದ ವ್ಯಾನಿಗೆ ಒತ್ತಿಕೊಂಡು ಹೋಗಬೇಡಿ, ಬಾಗಿಲು ಪೂರ್ತಿ ತೆರೆದರೂ ಹ್ಯಾಂಡಲಿಗೆ ತಾಗದಷ್ಟು, ಅಂದರೆ ಒಂದೂವರೆ ಮೀಟರಿನಷ್ಟಾದರೂ, ದೂರವಿಟ್ಟು ಸಾಲಿನ ನಡುವೆ ನೇರವಾಗಿ ಸಾಗಿ. ಅಷ್ಟು ಜಾಗ ಸಿಗುವುದಿಲ್ಲವೆಂದು ತೋರಿದರೆ ಇಳಿದು ಕಾಲುದಾರಿಯ ಮೇಲೆ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದೇ ಸರಿ. ಕಾಲುದಾರಿಗೂ ವ್ಯಾನಿಗೂ ನಡುವಿನ ಸಂದಿಯಲ್ಲಿ ಮಾತ್ರ ಎಂದಿಗೂ ನುಸುಳಬಾರದು, ಆ ಕಡೆಯ ಬಾಗಿಲು ತೆರೆದರೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ದಾಟಿದ ತಕ್ಷಣ ಪಥಕ್ಕೆ ಮರಳುವುದೂ ಅಪಾಯಕಾರಿ, ಏಕೆಂದರೆ ಪೆಟ್ಟಿಗೆ ಹೊತ್ತ ವ್ಯಕ್ತಿ ವ್ಯಾನಿನ ಮುಂಭಾಗದಿಂದ ಹಠಾತ್ತನೆ ಎದುರಾಗಬಹುದು.

ಪಥದೊಳಗಿನ ಕಿರುಕುಳವೆಲ್ಲ ನಿಂತ ವಾಹನಗಳಿಂದಲೇ ಬರುವುದಿಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ದಟ್ಟಣೆ ಹೆಚ್ಚಾದಾಗ ಸೈಕಲ್ ಪಥವನ್ನು ಒಳದಾರಿ ಮಾಡಿಕೊಳ್ಳುವ ಮೋಟಾರ್ ಬೈಕುಗಳು, ಮೊಬೈಲ್ ನೋಡುತ್ತ ಪಥಕ್ಕೆ ಇಳಿಯುವ ಪಾದಚಾರಿಗಳು, ಕೆಲಸ ಮುಗಿದು ವಾರವಾದರೂ ತೆಗೆಯದ ಕಾಮಗಾರಿಯ ಫಲಕಗಳು ಎಲ್ಲವೂ ಇವೆ. ಇವರೆಲ್ಲರಿಗಿಂತ ನನಗೆ ಹೆಚ್ಚು ನೋವಾಗುವುದು ವಿರುದ್ಧ ದಿಕ್ಕಿನಲ್ಲಿ ಬರುವ ಸೈಕಲ್ ಸವಾರರಿಂದ. ಇಬ್ಬರೂ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ಒಬ್ಬರನ್ನೊಬ್ಬರು 40 ಕಿ.ಮೀ. ವೇಗದಲ್ಲಿ ಸಮೀಪಿಸುತ್ತಾರೆ, ಮತ್ತು ಯಾರಾದರೂ ಒಬ್ಬರು ವಾಹನಗಳ ಸಾಲಿಗೆ ಇಳಿಯಲೇಬೇಕಾಗುತ್ತದೆ. ಸಾಮಾನ್ಯವಾಗಿ ಇಳಿಯುವುದು ನಿಯಮ ಪಾಲಿಸುತ್ತಿರುವವರೇ. ನಮ್ಮ ಪಥವನ್ನು ಗೌರವಿಸಿ ಎಂದು ಚಾಲಕರನ್ನು ಕೇಳುವ ನಾವು ಆ ಪಥದಲ್ಲಿ ನೆಟ್ಟಗೆ ನಡೆದುಕೊಳ್ಳಬೇಕು.

ಬಣ್ಣದ ಗೆರೆ ಯಾವ ವಾಹನವನ್ನೂ ತಡೆಯುವುದಿಲ್ಲ. ಒಂದೂವರೆ ಮೀಟರ್ ಅಗಲದ ಪಟ್ಟಿಯ ಮೇಲೆ ಎರಡೂವರೆ ಮೀಟರ್ ಅಗಲದ ಲಾರಿ ನಿಂತರೆ ಸೈಕಲ್ಲಿಗೆ ಉಳಿಯುವುದು ಏನೂ ಇಲ್ಲ. ಕೋಪನ್‌ಹೇಗನ್ನಿನಲ್ಲಿ ಸೈಕಲ್ ಪಥವನ್ನು ರಸ್ತೆಗಿಂತ ಎತ್ತರಿಸಿ ನಡುವೆ ಕಲ್ಲಿನ ಅಂಚು ಕಟ್ಟುತ್ತಾರೆ. ನ್ಯೂಯಾರ್ಕಿನ ಒಂಬತ್ತನೇ ಅವೆನ್ಯೂದಲ್ಲಿ 2007ರಲ್ಲಿ ಕಾರುಗಳ ನಿಲುಗಡೆಯ ಸಾಲನ್ನೇ ಸೈಕಲ್ ಪಥಕ್ಕೂ ಓಡುವ ವಾಹನಗಳಿಗೂ ನಡುವೆ ತಂದು ಪಥಕ್ಕೆ ರಕ್ಷಣೆ ಒದಗಿಸಿದರು. ಸಾಮಾನು ಇಳಿಸುವವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಅವರಿಗೆಂದು ಒಂದು ಜಾಗವನ್ನೂ ಬಿಡದೆ, ಸಮಯಕ್ಕೆ ಸರಿಯಾಗಿ ತಲುಪಿಸಲೇಬೇಕೆಂದು ಒತ್ತಡ ಹೇರುವವರ ಪಾಲೂ ಇದರಲ್ಲಿದೆ. ಆದ್ದರಿಂದ ದೂರು ಕೊಡುವಾಗ ದಂಡ ಹಾಕಿ ಎಂದಷ್ಟೇ ಬರೆಯದೆ, ಅದೇ ಬೀದಿಯಲ್ಲಿ ಸಾಮಾನು ಇಳಿಸಲು ಜಾಗ ಗುರುತಿಸಿ, ಪಥಕ್ಕೆ ಕಂಬ ಅಥವಾ ಕಲ್ಲಿನ ಅಂಚು ಹಾಕಿ ಎಂದೂ ಬರೆಯಿರಿ.

ದೂರಿನ ಜೊತೆ ಕೊಡುವ ಫೋಟೊ ಹೇಗಿರಬೇಕು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ದಾರಿಹೋಕರೊಬ್ಬರು ತೆಗೆದುಕೊಟ್ಟ ಫೋಟೊವನ್ನು ನಾನು ಸಂಬಂಧಪಟ್ಟ ಕಚೇರಿಗೆ ಕಳುಹಿಸಿದಾಗ, ವ್ಯಾನ್ ಪಥದೊಳಗೇ ನಿಂತಿತ್ತೆಂದು ಅದರಿಂದ ಸಾಬೀತಾಗುವುದಿಲ್ಲ ಎಂಬ ಉತ್ತರ ಬಂತು, ಏಕೆಂದರೆ ಪಥದ ಗೆರೆ ಚಿತ್ರದಲ್ಲಿ ಇರಲಿಲ್ಲ. ನೋಂದಣಿ ಸಂಖ್ಯೆ, ಪಥದ ಗುರುತು, ಸ್ಥಳವನ್ನು ತೋರಿಸುವ ಕಟ್ಟಡ ಅಥವಾ ಫಲಕ, ಇವು ಮೂರೂ ಒಂದೇ ಚಿತ್ರದಲ್ಲಿ ಬರಬೇಕು. ಚಾಲಕನೊಡನೆ ಜಗಳಕ್ಕೆ ನಿಲ್ಲುವುದರಿಂದ ಏನೂ ಸಿಗುವುದಿಲ್ಲ, ಸುರಕ್ಷಿತವಾದ ಜಾಗದಲ್ಲಿ ನಿಂತು ಚಿತ್ರ ತೆಗೆದುಕೊಂಡು ಮುಂದೆ ಹೋಗಿ.

ಬಿದ್ದವರು "ನನಗೇನೂ ಆಗಿಲ್ಲ" ಎಂದು ಹೇಳಿ ಎದ್ದು ಹೋಗಬಾರದು. ಮೈ ಬಿಸಿಯಿರುವಾಗ ನೋವು ತಿಳಿಯುವುದಿಲ್ಲ. ತಲೆಗೆ ಬಿದ್ದ ಪೆಟ್ಟಿನ ಲಕ್ಷಣಗಳು ಗಂಟೆಗಳ ನಂತರವೂ ಕಾಣಿಸಬಹುದು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕಾದದ್ದು. ಪೊಲೀಸರಿಗೆ ತಿಳಿಸಿ, ಕಂಡವರ ಹೆಸರು ಮತ್ತು ಫೋನ್ ಸಂಖ್ಯೆ ಬರೆದುಕೊಳ್ಳಿ. ಎಲ್ಲಕ್ಕಿಂತ ತುರ್ತಿನ ಕೆಲಸವೆಂದರೆ ಸುತ್ತಲಿನ ಕಟ್ಟಡಗಳ ಸಿಸಿಟಿವಿ ದೃಶ್ಯವನ್ನು ಉಳಿಸಿಕೊಳ್ಳುವುದು. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ, ನಾನು ಚಿಕಿತ್ಸೆ ಮುಗಿಸಿ ಬಂದು ವಿಚಾರಿಸುವಷ್ಟರಲ್ಲಿ ಎದುರಿನ ಕಟ್ಟಡದ ಕ್ಯಾಮೆರಾದಲ್ಲಿ ಆ ಬೆಳಗಿನ ದೃಶ್ಯ ಅಳಿಸಿಹೋಗಿತ್ತು. ನೀವು ಆಸ್ಪತ್ರೆಯಲ್ಲಿದ್ದರೆ ಮನೆಯವರನ್ನೋ ಸಹೋದ್ಯೋಗಿಯನ್ನೋ ಅದೇ ದಿನ ಕಳುಹಿಸಿ, ದೃಶ್ಯವನ್ನು ಕಾಯ್ದಿರಿಸುವಂತೆ ಕಟ್ಟಡದವರಿಗೆ ಲಿಖಿತವಾಗಿ ಕೋರಿಕೆ ಕೊಡಿಸಿ, ಅದರ ಪ್ರತಿಯ ಮೇಲೆ ಸಹಿ ಪಡೆದುಕೊಳ್ಳಿ.